ಮೇಯರ್‌ಗೆ ಮೊದಲ ತುತ್ತು

ದಿನಸಿ ಮಂಡಿಯ ನೆಲದಡಿಯ ಇಲಿನಗರದಲ್ಲಿ ಮೇಯರ್ ಆಗಬೇಕೆಂದು ದುಂಡಪ್ಪನೆಂಬ ಹೆಗ್ಗಣ ಉಗುರು ಸವೆಯುವಷ್ಟು ಓಡಾಡಿದ್ದ. ಗೆದ್ದ ದಿನ ಅವನ ತಮ್ಮನೇ ಅವನನ್ನು ಹೊತ್ತು ಕುಣಿದ. ಕೊರಳಿಗೆ ಗೋಣಿನಾರಿನ ಹಾರ ಬಿತ್ತು. ಹೊಸ ತಿನಿಸು ಏನೇ ಬರಲಿ, ಮೊದಲ ತುತ್ತು ಮೇಯರ್‌ದು ಎಂಬುದು ಆ ಊರಿನ ಗೌರವ.

ಮೂರನೇ ದಿನ ಗೋಡೆಯ ಮೂಲೆಯಲ್ಲಿ ತುಪ್ಪ ಸವರಿದ ಹಿಟ್ಟಿನ ಉಂಡೆಗಳು ಕಂಡವು. ಊರೆಲ್ಲ ಸೇರಿತು. ಮೂಗು ಹತ್ತಿರ ತಂದ ದುಂಡಪ್ಪನಿಗೆ ತುಪ್ಪದ ಅಡಿಯಲ್ಲಿ ವಿಷದ ವಾಸನೆ ಬಡಿಯಿತು. ಈ ವರ್ಷ ತಾನು ಐದನೆಯ ಮೇಯರ್ ಎಂಬುದು ಆಗ ನೆನಪಾಯಿತು. ಉಪಮೇಯರ್ ಮಾತ್ರ ಅದೇ ಮುದಿ ಸುಂಡಿಲಿ.

“ಇವತ್ತಿನ ಉದ್ಘಾಟನೆ ತಾವೇ ಮಾಡಿ, ಹಿರಿಯರು,” ಎಂದ ದುಂಡಪ್ಪ ಸುಂಡಿಲಿಗೆ.

“ಛೇ, ತಮ್ಮ ಹಕ್ಕನ್ನು ನಾನು ಕಸಿಯುವುದುಂಟೇ?” ಎಂದು ಸುಂಡಿಲಿ ಕೈಮುಗಿಯಿತು.

ಹಾರ ಬಿಚ್ಚಿಟ್ಟು ಹೋಗಬಹುದಿತ್ತು. ದುಂಡಪ್ಪನ ಕೊರಳು ಒಪ್ಪಲಿಲ್ಲ. ಭಾಷಣ ಶುರು ಮಾಡಿದ. ಬಿಲಗಳ ಅಗಲೀಕರಣ, ಬೆಕ್ಕಿನ ಸಮಸ್ಯೆ, ಚರಂಡಿ, ಮತ್ತೆ ಬೆಕ್ಕು. ಮಾತು ಮುಗಿಯುವ ತನಕವೇ ತನ್ನ ಆಯುಸ್ಸು ಎಂದು ಗೊತ್ತಿತ್ತು.

“ಸ್ವಾಮಿ, ಮಕ್ಕಳು ಹಸಿದಿವೆ,” ಎಂದಿತು ಸುಂಡಿಲಿ.

ದುಂಡಪ್ಪ ತಿಂದ. ಚಪ್ಪಾಳೆ ಬಿತ್ತು. ಆದರೆ ಉಂಡೆಯನ್ನು ಬೇರೆ ಯಾರೂ ಮುಟ್ಟಲಿಲ್ಲ. ಅವನ ಮುಖವನ್ನೇ ನೋಡುತ್ತ ಕೂತರು. ಕೊನೆಗೆ ಅವನು ಮಗ್ಗುಲಾದ. ಸುಂಡಿಲಿ ಹಾರವನ್ನು ಮೆಲ್ಲಗೆ ಬಿಡಿಸಿಕೊಂಡು ಸಭೆಯತ್ತ ತಿರುಗಿತು: “ಮುಂದಿನ ಚುನಾವಣೆಗೆ ಯಾರು ನಿಲ್ಲುತ್ತೀರಿ?”

ಎಲ್ಲರಿಗಿಂತ ಮೊದಲು ಮುಂಗಾಲು ಎತ್ತಿದವನು ತಮ್ಮ. ಬೇಡ ಎನ್ನಲು ದುಂಡಪ್ಪ ಬಾಯಿ ತೆರೆದ. ನೊರೆ ಮಾತ್ರ ಬಂತು.