ಕೆಸರು ಕಾಣದ ಬೂಟು

ಐರ್ಲೆಂಡಿನ ಹುಡುಗ ಲೋರ್ಕನ್‌ನ ಬಲಗಾಲಿನ ಬೂಟು ದೊಡ್ಡ ಫುಟ್‌ಬಾಲ್ ಕ್ಲಬ್ಬಿಗೆ ಬಂದಾಗಿನಿಂದ ಒಂದು ಪಂದ್ಯವನ್ನೂ ಆಡಿರಲಿಲ್ಲ. ವಾರವಾರವೂ ಲೇಸು ಬಿಗಿದುಕೊಂಡು ಮೈದಾನದ ಅಂಚಿನಲ್ಲಿ ಓಡುವುದು, ಹೊಳೆಯುತ್ತಲೇ ಬೆಂಚಿಗೆ ಮರಳುವುದು, ಇಷ್ಟೇ.

ಹುಡುಗ ಸಣ್ಣ ಊರಿನ ತಂಡಕ್ಕೆ ಹೊರಟ ದಿನ, ಬದಲಿ ಆಟಗಾರರ ಬೆಂಚು ಬೂಟನ್ನು ನೋಡಿ ನಕ್ಕಿತು: “ಹುಚ್ಚಪ್ಪಾ, ನನ್ನಂಥ ಮೆತ್ತನೆ ಆಸರೆ ಬಿಟ್ಟು ಆ ಕೊಚ್ಚೆಗೆ ಹೋಗ್ತೀಯಾ? ಇಲ್ಲಿ ಸಾವಿರಾರು ಜನ ನೋಡ್ತಾರೆ.”

“ನೋಡೋದು ಆಡೋರನ್ನ, ಅಜ್ಜಾ,” ಎಂದಿತು ಬೂಟು. “ಇಲ್ಲೇ ಇದ್ದರೆ ನನಗೆ ಓಟವೇ ಮರೆತುಹೋದೀತು.”

ಹೊಸ ಮೈದಾನದಲ್ಲಿ ಅದು ಮೊದಲ ಪಂದ್ಯವನ್ನು ಕೊನೆಯ ಸೀಟಿಯವರೆಗೂ ಆಡಿತು. ಆಮೇಲೆ ಹುಡುಗ ಆಟಗಾರರ ಕೋಣೆಯ ಬಾಗಿಲಲ್ಲಿ ನಿಂತು ಎರಡೂ ಬೂಟುಗಳನ್ನು ಒಂದಕ್ಕೊಂದು ಪಟಪಟನೆ ಬಡಿದ.

“ಅಯ್ಯೋ, ಏನು ತಪ್ಪು ಮಾಡಿದೆ?” ಬೂಟು ಕೂಗಿತು.

“ತಪ್ಪಲ್ಲ ಮಗಾ,” ಎಂದಿತು ಬಾಗಿಲ ಚಾಪೆ. “ಆಡಿ ಬಂದವರನ್ನೆಲ್ಲ ಇಲ್ಲಿ ಹೀಗೇ ಬಡಿಯೋದು. ಕೆಳಗೆ ನೋಡು.”

ಕೆಳಗೆ ಹುಲ್ಲು ಮೆತ್ತಿದ ಕೆಸರಿನ ದಪ್ಪ ಹೆಂಟೆ ಬಿದ್ದಿತ್ತು. ಅದರಲ್ಲಿ ಜಾರದಂತೆ ಬೂಟಿನ ಅಡಿಗಿಟ್ಟ ಮುಳ್ಳುಗಳ ಗುರುತು ಆಳವಾಗಿ ಮೂಡಿತ್ತು.

“ಇಷ್ಟೂ ನೆಲ ನನ್ನ ಜೊತೆ ಬಂತೇ!” ಬೂಟು ಬಹಳ ಹೊತ್ತು ಕಣ್ಣು ಕೀಳಲಿಲ್ಲ. ಆಮೇಲೆ ಮೆಲ್ಲಗೆ ಕೇಳಿತು: “ಅವನು ಇನ್ನೊಂದು ಸಲ ಬಡಿಯುತ್ತಾನಾ?”