ಅಂಗೈಯ ಭಸ್ಮ

ತುಂಗಭದ್ರೆಯ ದಂಡೆಯ ಮೇಲೆ ಒಂದು ಆಶ್ರಮ, ಆಶ್ರಮಕ್ಕೊಂದು ಕಾಲೇಜು. ಅಲ್ಲಿ ಓಬಳೇಶನೆಂಬ ಶಿಷ್ಯನಿದ್ದ.

ಪರೀಕ್ಷೆಯಲ್ಲಿ ಅವನೇ ಮೊದಲು. ಖೋಖೋ ತಂಡಕ್ಕೆ ಅವನೇ ನಾಯಕ. ಸಂಜೆಯಾದರೆ ಮೀನುಗಾರರ ಕೇರಿಯ ಮಕ್ಕಳಿಗೆ ಪಾಠ ಹೇಳುವವನೂ ಅವನೇ. ಹೊಟ್ಟೆಕಿಚ್ಚು ಪಡೋಣವೆಂದರೂ ಆಗದಷ್ಟು ಒಳ್ಳೆಯವನು ಬೇರೆ!

ಅವನ ಕೊನೆಯ ವರ್ಷದ ಕೊನೆಯ ಪಂದ್ಯ, ಆಚೆ ದಡದ ಕಾಲೇಜಿನ ಮೇಲೆ. ಗೆಲುವಿನ ಫಲಕ ಬಹುಕಾಲದಿಂದ ಅವರ ಬಳಿಯೇ ಉಳಿದುಬಿಟ್ಟಿತ್ತು. ಈ ಸಲ ತಂದೇ ತರುತ್ತೇನೆಂದು ಓಬಳೇಶ ಗುರುಗಳ ಪಾದ ಮುಟ್ಟಿ ಹೇಳಿದ್ದ.

ಹರಿಗೋಲು ತುಂಬ ಜನ ಬಂದಿಳಿದರು. ಡೊಳ್ಳಿನ ಸದ್ದಿಗೆ ಹೊಳೆಯ ಎರಡೂ ದಡಗಳು ಎದ್ದು ನಿಂತವು.

ಖೋಖೋದಲ್ಲಿ ಅಟ್ಟುವವನು ನಡುವಿನ ಗೆರೆ ದಾಟುವಂತಿಲ್ಲ. ಎದುರಾಳಿ ಗೆರೆಯಾಚೆ ನುಸುಳಿದರೆ, ಸಾಲಿನಲ್ಲಿ ಕೂತ ಜೊತೆಗಾರನ ಬೆನ್ನು ತಟ್ಟಿ ‘ಖೋ’ ಎನ್ನಬೇಕು. ಅವನು ಎದ್ದು ಅಟ್ಟುತ್ತಾನೆ, ತಟ್ಟಿದವನು ಅವನ ಜಾಗದಲ್ಲಿ ಕೂರುತ್ತಾನೆ. ಇಲ್ಲವೇ ತುದಿಯ ಕಂಬ ಸುತ್ತಿ ತಾನೇ ಆಚೆಗೆ ಹೋಗಬೇಕು.

ಓಬಳೇಶ ಪ್ರತಿ ಸಲವೂ ಕಂಬ ಸುತ್ತಿದ. ಅಬ್ಬಾ, ಅದೇನು ಓಟ! ಆದರೆ ಅವನು ಸುತ್ತಿ ಬರುವಷ್ಟರಲ್ಲಿ ಎದುರಾಳಿ ಮತ್ತೆ ಈಚೆ ಬದಿಗೆ ಬಂದಿರುತ್ತಿದ್ದ.

ಅರ್ಧ ಆಟ ಮುಗಿದಾಗ ತಂಡ ಹಿಂದೆ ಬಿದ್ದಿತ್ತು. ಓಬಳೇಶ ಏದುಸಿರು ಬಿಡುತ್ತ ಗುರುಗಳ ಬಳಿ ಬಂದ.

“ಗುರುಗಳೇ, ನನ್ನ ಓಟ ಸಾಲ್ತಿಲ್ಲ. ಇನ್ನೂ ಜೋರಾಗಿ ಓಡ್ತೀನಿ.”

“ಮೊದಲ ವರ್ಷದ ಕೇರಿ ಹುಡುಗ ಪರಸಪ್ಪ ಕಂಬದ ಹತ್ರಾನೇ ಕೂತಿದ್ನಲ್ಲಪ್ಪ, ಅವನಿಗೆ ಯಾಕೆ ಖೋ ಕೊಡ್ಲಿಲ್ಲ?”

“ಅವನು ಸ್ವಲ್ಪ ನಿಧಾನ, ಗುರುಗಳೇ. ಪಾಪ, ಅವನಿಗ್ಯಾಕೆ ಕಷ್ಟ ಅಂತ…”

“ಕೈ ಚಾಚು.”

ಗುರುಗಳು ಸೊಂಟದ ಸಂಚಿ ಬಿಚ್ಚಿ ಅವನ ಅಂಗೈ ತುಂಬ ಭಸ್ಮ ಬಳಿದರು.

“ಹಣೆಗೆ ಹಚ್ಕೊಳ್ಲಾ?”

“ಬೇಡ. ಚಡ್ಡಿಗೂ ಒರೆಸ್ಕೋಬೇಡ. ಆಟ ಮುಗಿಯೋ ಹೊತ್ತಿಗೆ ಅಂಗೈ ಖಾಲಿ ಇರ್ಬೇಕು.”

ಓಬಳೇಶನಿಗೆ ತಲೆಬುಡ ತಿಳಿಯಲಿಲ್ಲ. ಅಷ್ಟರಲ್ಲಿ ಸೀಟಿ ಕೇಳಿಸಿತು.

ಎದುರಾಳಿ ಗೆರೆಯಾಚೆ ನುಸುಳಿದ. ಓಬಳೇಶನ ಕಾಲು ತಾನಾಗಿಯೇ ಕಂಬದ ಕಡೆ ತಿರುಗಿತು. ಕಂಬ ಹಿಡಿಯಲು ಕೈ ಚಾಚಿದ. ಅಂಗೈ ಬೆಳ್ಳಗೆ ಕಂಡಿತು.

ತಟಕ್ಕನೆ ನಿಂತ. ಪಕ್ಕದ ಬೆನ್ನಿಗೆ ಬಡಿದ.

“ಖೋ!”

ಪರಸಪ್ಪನಿಗೆ ನಂಬಿಕೆಯೇ ಬರಲಿಲ್ಲ. ಬೆನ್ನ ಮೇಲೆ ಬಿಳಿ ಕೈಗುರುತು ಹೊತ್ತು ಎದ್ದು ನುಗ್ಗಿದ. ಅವನು ಇನ್ನೊಬ್ಬನಿಗೆ ಖೋ ಕೊಟ್ಟ, ಅವನು ಮತ್ತೊಬ್ಬನಿಗೆ. ಸರದಿ ತಿರುಗಿ ಬಂದಾಗೆಲ್ಲ ಓಬಳೇಶ ಓಡಿದ, ತಟ್ಟಿದ, ಕೂತ. ಖೋ! ಖೋ! ಖೋ! ಡೊಳ್ಳಿನವರಿಗೇ ಲಯ ತಪ್ಪಿತು!

ಒಬ್ಬ ಸಿಕ್ಕ, ಇನ್ನೊಬ್ಬ ಸಿಕ್ಕ. ಅಂಕ ಸಮವಾಯಿತು. ಇನ್ನೊಬ್ಬ ಸಿಕ್ಕರೆ ಫಲಕ.

ಅಟ್ಟುತ್ತಿದ್ದವನು ಪರಸಪ್ಪ. ಓಬಳೇಶ ಸಾಲಿನಲ್ಲಿ ಕೂತಿದ್ದ. ಖೋ ಸಿಗದೆ ಏಳುವಂತಿಲ್ಲ. ಕೂತಲ್ಲಿಂದಲೇ ಕೂಗಿದ.

“ಬಿಡಬೇಡ ಪರಸ್ಯಾ! ಹೋಗು! ಹೋಗೋ!”

ಪರಸಪ್ಪ ಮುಗ್ಗರಿಸಿದ. ಬೀಳುತ್ತ ಬೀಳುತ್ತಲೇ ಕೈ ಚಾಚಿದ. ಬೆರಳ ತುದಿ ಎದುರಾಳಿಯ ಹಿಮ್ಮಡಿಗೆ ತಾಗಿತು.

ಆಮೇಲಿನ ಗದ್ದಲವನ್ನು ಏನೆಂದು ಹೇಳಲಿ! ಜನ ಅಂಗಳಕ್ಕೆ ನುಗ್ಗಿದರು. ಎಲ್ಲರಿಗಿಂತ ಎತ್ತರಕ್ಕೆ ಕುಣಿದವನು ಓಬಳೇಶ. ತಾನೇ ಹಿಡಿದಿದ್ದರೂ ಅವನಿಗೆ ಅಷ್ಟು ಸಂತೋಷ ಆಗುತ್ತಿರಲಿಲ್ಲ. ಪರಸಪ್ಪನ ರಟ್ಟೆ ಹಿಡಿದು ಎಳೆದುಕೊಂಡು ಗುರುಗಳ ಬಳಿ ಓಡಿಬಂದ.

“ಗುರುಗಳೇ, ಗೆದ್ವಿ! ನೋಡಿ, ಅಂಗೈ ಖಾಲಿ!”

ಗುರುಗಳು ಪರಸಪ್ಪನ ಬೆನ್ನ ಮೇಲಿನ ಕೈಗುರುತು ನೋಡಿ ನಕ್ಕರು.

“ಹೊತ್ತು ಮುಳುಗ್ತಾ ಇದೆ. ಕೇರಿಯಲ್ಲಿ ಮಕ್ಕಳು ಕಾಯ್ತಿರ್ತಾರೆ. ಇವತ್ತು ಪಾಠ ಯಾರದಪ್ಪ?”

“ನಂದೇ ಗುರುಗಳೇ! ಈಗ್ಲೇ ಓಡ್ತೀನಿ.”

“ಬರೋ ವರ್ಷ?”

ಓಬಳೇಶ ತಿರುಗಿ ನೋಡಿದ. ಪಕ್ಕದಲ್ಲಿ ಪರಸಪ್ಪ ಫಲಕ ಅಪ್ಪಿಕೊಂಡು ನಿಂತಿದ್ದ.

ಗುರುಗಳು ಮತ್ತೆ ಸಂಚಿ ಬಿಚ್ಚಿದರು.

“ಕೈ ಚಾಚು.”