ಗುರುಗಳು ಕೂರುವ ತೊಗಲು

ಹೊಳೆಯ ದಂಡೆಯ ಆಶ್ರಮವೊಂದರಲ್ಲಿ ವಯಸ್ಸಾದ ಗುರುವೊಬ್ಬರು ಬೇರು, ಎಲೆ, ತೊಗಟೆಗಳ ಔಷಧಿ ಕಲಿಸುತ್ತಿದ್ದರು. ಅಗಲವಾದ ಕೋಣದ ತೊಗಲು ಅವರ ಆಸನ. ಬೆಳಿಗ್ಗೆ ಅವರು ಅದರ ಮೇಲೆ ಕೂತರೆ ಪಾಠ ಶುರುವಾದಂತೆ. ಆಮೇಲೆ ಬಂದವರಿಗೆ ಒಳಗೆ ಜಾಗವಿಲ್ಲ.

ಬಾಗಿಲು ಕಾಯುವ ಕೆಲಸ ಹಿರಿಯ ಶಿಷ್ಯ ಅಡಿವೆಪ್ಪನದು. ಅದರಲ್ಲಿ ಅವನು ಮಹಾ ಕಟ್ಟುನಿಟ್ಟು. ಗಾಳಿ ತಡವಾಗಿ ಬೀಸಿದರೂ ಹೊರಗೇ ನಿಲ್ಲಿಸುವ ಆಸಾಮಿ.

ಆಚೆ ದಂಡೆಯ, ಬಿದಿರು ಹೆಣೆಯುವ ಮೇದಾರರ ಕೇರಿಯಿಂದ ನೀಲವ್ವ ಎಂಬವಳು ಹನ್ನೆರಡು ದಿನ ಬಂದಳು. ಹನ್ನೆರಡು ದಿನವೂ ತಡ.

"ಕಲೀಬೇಕಂದ್ರ ನಸುಕಿನ್ಯಾಗ ಏಳಬೇಕವ್ವಾ," ಎಂದ ಅಡಿವೆಪ್ಪ. "ನಾಳಿಂದ ಬರಬ್ಯಾಡ."

"ನಮ್ಮ ದಂಡ್ಯಾಗ ಔಷಧಿ ಬಲ್ಲವರು ಒಬ್ಬರೂ ಇಲ್ರೀ," ಎಂದಳು ನೀಲವ್ವ. "ಹ್ವಾದ ವರ್ಷ ನನ್ನ ಮಗಳಿಗೆ ಜ್ವರ ಬಂತು. ಹೊಳಿ ದಾಟಸೂದ್ರಾಗ ಹೋದ್ಲು."

ಅಡಿವೆಪ್ಪ ಕಣ್ಣು ತಗ್ಗಿಸಿದ. ಆದರೂ ಬಾಗಿಲು ಬಿಡಲಿಲ್ಲ.

ಮಧ್ಯಾಹ್ನ ಗುರುಗಳಿಗೆ ಹೇಳಿದ: "ಖರೇನ ಮನಸಿದ್ರ ಹೊತ್ತಿಗೆ ಸರಿಯಾಗಿ ಬರತಿದ್ಲು, ಅಜ್ಜಾರ."

"ನೀ ಇವತ್ತು ಆಚೀ ದಂಡಿಗೆ ಹೋಗಿ ಉಳಿ," ಎಂದರು ಗುರುಗಳು. "ನಾಳೆ ಅಲ್ಲಿಂದ ಪಾಠಕ್ಕ ಬಾ."

ಅದೇನು ದೊಡ್ಡ ಕೆಲಸ ಎಂದುಕೊಂಡೇ ಅಡಿವೆಪ್ಪ ಹೊಳೆ ದಾಟಿದ.

ಮರುದಿನ ಇನ್ನೂ ಮಬ್ಬಿರುವಾಗಲೇ ದಂಡೆಗೆ ಬಂದ. ಅವನಿಗಿಂತ ಮುಂಚೆ ನೀಲವ್ವ ಬಂದು ಕೂತಿದ್ದಳು. ಇದ್ದದ್ದು ಒಂದೇ ಹರಿಗೋಲು. ಅಂಬಿಗ ಅದಕ್ಕೆ ಪೇಟೆಗೆ ಹೋಗುವ ವೀಳ್ಯದೆಲೆಯ ಪೆಂಡಿ ತುಂಬುತ್ತಿದ್ದ.

"ಮೊದಲ ನಮ್ಮನ್ನ ದಾಟಸಪಾ," ಎಂದ ಅಡಿವೆಪ್ಪ.

"ಎಲಿ ಬಾಡತಾವ್ರೀ. ಮನಷ್ಯಾರು ಬಾಡೂದಿಲ್ಲ."

ಎಲೆ ಮೂರು ಸಲ ಹೋಯಿತು. ಬಿಸಿಲು ಏರಿತು. ಹರಿಗೋಲು ಮರಳಿ ಬಂದಾಗ ಅಡಿವೆಪ್ಪ ಒಳಗಿನ ಬಿದಿರು ಹೆಣಿಗೆಯ ಮೇಲೆ ಕೈಯಾಡಿಸಿದ.

"ಭಾಳ ಬಿಗಿ ಐತಿ. ಯಾರು ಹೆಣದದ್ದು?"

"ನಾನೇ ರೀ," ಎಂದಳು ನೀಲವ್ವ.

"ಮತ್ತ ನಿನಗೊಂದು ಹೆಣಕೋಬಾರದೇನು?"

"ಬಿದಿರು ಹೊಳಿ ದಂಡ್ಯಾಗ ಐತಿ. ಕೈ ನನ್ನವ ಅದಾವ. ತಳಕ್ಕ ಬಿಗಿಯೂ ತೊಗಲು ಯಾರು ಕೊಡತಾರ್ರೀ?"

ಅಡಿವೆಪ್ಪ ಹರಿಗೋಲಿನ ತಳಕ್ಕೆ ಬಿಗಿದ ತೊಗಲನ್ನೊಮ್ಮೆ ನೋಡಿ, ಹತ್ತಿ ಕೂತ.

ಆಶ್ರಮ ಮುಟ್ಟಿದಾಗ ಒಳಗೆ ಗುರುಗಳ ದನಿ ಕೇಳುತ್ತಿತ್ತು. ಅಡಿವೆಪ್ಪ ಬಾಗಿಲಿಗೆ ಕೈ ಚಾಚಿ ಹಿಂದೆಗೆದ. ಇವತ್ತು ಅಲ್ಲಿ ತಡೆಯುವವರು ಯಾರೂ ಇರಲಿಲ್ಲ. ಆದರೂ ಒಳಗೆ ಹೋಗಲು ಅವನಿಗೆ ನಾಚಿಕೆಯಾಯಿತು. ಹೊರಗಿನ ಕಟ್ಟೆಯ ಮೇಲೆ ನೀಲವ್ವನ ಪಕ್ಕದಲ್ಲಿ ಕೂತುಬಿಟ್ಟ.

ಪಾಠ ಮುಗಿಸಿ ಗುರುಗಳು ಹೊರಗೆ ಬಂದರು.

"ಯಾಕೋ ಅಡಿವೆಪ್ಪ, ಮನಸಿರಲಿಲ್ಲೇನು?"

ಅಡಿವೆಪ್ಪ ನಡೆದದ್ದನ್ನೆಲ್ಲ ಹೇಳಿದ. ತೊಗಲಿನ ಮಾತನ್ನೂ ಹೇಳಿದ. ಕೊನೆಗೆ ತಲೆ ತಗ್ಗಿಸಿ, "ಹನ್ನೆರಡು ದಿನ ಬಾಗಿಲದಾಗ ನಿಂತು, ಯಾಕ ತಡಾತು ಅಂತ ನಾ ಒಮ್ಮೆನೂ ಕೇಳ್ಲಿಲ್ರೀ," ಎಂದ.

"ಒಳಗ ಕುಂತು ನಾನೂ ಕೇಳ್ಲಿಲ್ಲ," ಎಂದರು ಗುರುಗಳು.

ಅವರು ಒಳಗೆ ಹೋದರು. ಕೋಣದ ತೊಗಲನ್ನು ಸುತ್ತಿ, ಹೆಗಲ ಮೇಲೆ ಹೊತ್ತು ತಂದು ನೀಲವ್ವನ ಮುಂದೆ ಬಿಚ್ಚಿದರು.

"ಇದು ಸಾಕಾದೀತೇನವ್ವಾ?"

ನೀಲವ್ವ ತೊಗಲನ್ನು ಗೇಣಿನಿಂದ ಅಳೆದಳು. ಅಂಚುಗಳನ್ನು ಹೆಬ್ಬೆರಳಿನಿಂದ ಒತ್ತಿದಳು. ತೂತಿದೆಯೇನೋ ಎಂದು ಬಿಸಿಲಿಗೆ ಹಿಡಿದು ನೋಡಿದಳು. ಆಮೇಲೆ ಅವಳ ಮುಖ ಅರಳಿತು.

"ನೀರಾಗ ನೆನಸಿ ಬಿಗದ್ರ ಸಾಕ್ರೀ. ನಾಕು ಮಂದಿ ಕೂಡಬಹುದು. ನಮ್ಮ ಕೇರ್ಯಾಗ ಇನ್ನೂ ಇಬ್ಬರು ಕಲೀತೀವಿ ಅಂತಾರ, ಕರಕೊಂಡು ಬರ್ಲೇನ್ರೀ?"

ಗುರುಗಳು ನಕ್ಕು ತಲೆಯಾಡಿಸಿದರು.

ಅಡಿವೆಪ್ಪನಿಗೆ ಬರಿದಾದ ನೆಲ ಕಣ್ಣಿಗೆ ಬಿತ್ತು. "ಅಜ್ಜಾರ, ನೀವು ಕುಂತ ಮ್ಯಾಲಲ್ಲೇನ್ರೀ ಪಾಠ ಶುರು? ನಾಳಿಂದ ನೀವು ಎದರ ಮ್ಯಾಲ ಕೂಡತೀರಿ?"

ಗುರುಗಳು ಹೊಳೆಯ ಕಡೆ ನೋಡಿದರು.

"ನೆಲದ ಮ್ಯಾಲ ಕೂಡತೀನಿ. ಆದ್ರ ನೀಲವ್ವನ ಹರಿಗೋಲು ಈ ದಂಡಿ ಮುಟ್ಟೂ ತನಕ ನಿಂತಿರತೀನಿ."